ಮನಸ್ಸಿಗಾದ ಗಾಯಕ್ಕೂ ಪರಿಹಾರ: ಕೇಳುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಲೋಹ ಸಿಡಿದು ಕೈ ಸುಟ್ಟರೆ ಯಾರೂ ಅನುಮಾನಿಸುವುದಿಲ್ಲ. ಅದೇ ಅವಘಡದ ನಂತರ ‘ರಾತ್ರಿ ನಿದ್ದಿ ಹತ್ತವಲ್ದು, ಭಟ್ಟಿ ಹತ್ರ ಹೋದ್ರ ಕೈಕಾಲು ನಡಗತಾವು’ ಎಂದವನಿಗೆ ‘ನಾಕ್ ದಿನ ಊರಿಗೆ ಹೋಗಿ ಬಾ’ ಎನ್ನುತ್ತಾರೆ. ಹೋಗಬೇಕಾದ್ದು ಊರಿಗಲ್ಲ, ಮನೋವೈದ್ಯರ ಬಳಿಗೆ. ಜಿಲ್ಲಾಸ್ಪತ್ರೆಯಾದರೂ ಸರಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಆದರೂ ಸರಿ. ಅವಘಡದ ದಿನಾಂಕ, ಕಣ್ಣಾರೆ ಕಂಡದ್ದು, ಆಮೇಲೆ ಶುರುವಾದ ತೊಂದರೆ ಮೊದಲ ಚೀಟಿಯಲ್ಲೇ ದಾಖಲಾಗಲಿ. ಮುಂದಿನ ಇಡೀ ಪ್ರಕರಣ ನಿಲ್ಲುವುದು ಈ ಚೀಟಿಯ ಮೇಲೆ.

ನಂತರ ಸಂಬಳದ ಚೀಟಿ ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಿದ್ದರೆ ಇಎಸ್‌ಐ ಕಚೇರಿಗೇ ಅರ್ಜಿ ಹಾಕಬೇಕು. ಮಾಲೀಕರಿಂದ ಬೇರೆ ಪರಿಹಾರ ಸಿಗದು. ಕಡಿತ ಇಲ್ಲದಿದ್ದರೆ ಪರಿಹಾರದ ಹೊಣೆ ಮಾಲೀಕರದು. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಈ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಗುತ್ತಿಗೆದಾರನ ಕೈಕೆಳಗಿನ ಕೆಲಸಗಾರರು ಮೂಲ ಕಾರ್ಖಾನೆಯಿಂದಲೇ ಕೇಳಬಹುದು. ಅವಘಡದ ನೋಟಿಸನ್ನು ಮಾಲೀಕರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕ್ಲೇಮು ಹಾಕಲು ಅವಘಡದ ದಿನದಿಂದ 2 ವರ್ಷ ಅವಕಾಶವಿದೆ.

ಕಷ್ಟದ ಭಾಗ ಪ್ರಮಾಣಪತ್ರ. ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಖಿನ್ನತೆ, ಆಘಾತೋತ್ತರ ಒತ್ತಡ ಇಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಾಗಾಗಿ ‘ಕೆಲಸದ ಒತ್ತಡ’ ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದು ಕಷ್ಟ. ಕಾಯಿಲೆ ಇಂಥ ಅವಘಡದಿಂದಲೇ ಬಂತು ಎಂದು ವೈದ್ಯರು ಹೇಳಬೇಕು. ಗಳಿಕೆಯ ಸಾಮರ್ಥ್ಯ ಶೇಕಡಾ ಎಷ್ಟು ಕುಗ್ಗಿದೆ ಎಂಬುದನ್ನೂ ನಮೂದಿಸಬೇಕು. ಅಂಗವಿಕಲರ ಯುಡಿಐಡಿ ಕಾರ್ಡಿನಲ್ಲಿರುವ ಶೇಕಡಾವಾರು ಬೇರೆ, ಇದು ಬೇರೆ. ಅನೇಕರು ಎಡವುವುದು ಇಲ್ಲಿಯೇ.

ಮಾಲೀಕರು ಕೊಡಬೇಕಾದ ಪರಿಹಾರದ ಲೆಕ್ಕ ಹೀಗೆ: 35 ವರ್ಷದವರ ತಿಂಗಳ ಕೂಲಿ 12,000 ಎನ್ನಿ. ಅದರ ಶೇ 60 ಅಂದರೆ 7,200. ಕಾನೂನಿನ ಪಟ್ಟಿಯಲ್ಲಿ ಆ ವಯಸ್ಸಿಗೆ ಇರುವ ಗುಣಕ 197.06ರಿಂದ ಗುಣಿಸಿದರೆ 14,18,832 ರೂಪಾಯಿ. ಗಳಿಕೆಯ ಸಾಮರ್ಥ್ಯ ಶಾಶ್ವತವಾಗಿ ಶೇ 30 ಕುಗ್ಗಿದ್ದರೆ ಅದರ ಶೇ 30, ಅಂದರೆ ಸುಮಾರು 4.25 ಲಕ್ಷ. ಚಿಕಿತ್ಸೆಯ ಖರ್ಚು ಪ್ರತ್ಯೇಕ, ಔಷಧಿ ಅಂಗಡಿಯ ಬಿಲ್ಲುಗಳನ್ನು ಎಸೆಯಬೇಡಿ.

ವಕೀಲರಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಹಕ್ಕು. ಅಷ್ಟರಲ್ಲಿ ಯಾರಾದರೂ ‘ಇನ್ನು ಏನೂ ಕೇಳುವುದಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಧೈರ್ಯಗೆಡಬೇಡಿ: ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ಊರ್ಜಿತವಲ್ಲ.