ಎಟಿಎಂ ಖಾಲಿನಾ? ಅಂಗಡಿಯ ಸ್ವೈಪಿಂಗ್ ಮಷೀನಿನಲ್ಲೂ ದುಡ್ಡು ತೆಗೆಯಬಹುದು

ನಾಳೆ ಹಬ್ಬ. ಊರಲ್ಲಿರುವುದು ಎರಡೇ ಎಟಿಎಂ. ಒಂದರ ಶಟರ್ ಎಳೆದಿದೆ, ಇನ್ನೊಂದರ ಬಾಗಿಲಿಗೆ ‘ನೋ ಕ್ಯಾಶ್’ ಚೀಟಿ ಅಂಟಿಸಿದ್ದಾರೆ. ಅದರ ಮುಂದೆ ಕಾರ್ಡ್ ಹಿಡಿದು ನಿಂತ ಹಿರಿಯರನ್ನು ನೋಡಿದರೆ ಸಂಕಟವಾಗುತ್ತದೆ. ಫೋನಿನಲ್ಲಿ ದುಡ್ಡು ಕಳಿಸುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ ಅಲ್ವಾ? ಅಲ್ಲೇ ಪಕ್ಕದ ಕಿರಾಣಿ ಅಂಗಡಿಯ ಸ್ವೈಪಿಂಗ್ ಮಷೀನಿನಿಂದಲೂ ಅವರಿಗೆ ದುಡ್ಡು ಸಿಗಬಹುದಿತ್ತು. ರಿಸರ್ವ್ ಬ್ಯಾಂಕ್ ಇದಕ್ಕೆ ಅನುಮತಿ ಕೊಟ್ಟಿದ್ದು 2009ರಲ್ಲೇ. ಆದರೂ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಮೊದಲು ಅಂಗಡಿ ಹುಡುಕಬೇಕು. ಮಷೀನ್ ಇರುವ ಎಲ್ಲ ಅಂಗಡಿಯಲ್ಲೂ ಈ ಸೌಲಭ್ಯ ಇರುವುದಿಲ್ಲ. ಮಷೀನ್ ಕೊಟ್ಟ ಬ್ಯಾಂಕು ಯಾವ ಅಂಗಡಿಗೆ ಒಪ್ಪಿಗೆ ಕೊಟ್ಟಿದೆಯೋ ಅಲ್ಲಿ ಮಾತ್ರ. ಅಂಥ ಅಂಗಡಿಯವರು ಸೌಲಭ್ಯ ಇದೆ ಎಂದೂ, ಶುಲ್ಕ ಎಷ್ಟು ಎಂದೂ ಬೋರ್ಡ್ ಹಾಕಬೇಕು. ಬೋರ್ಡ್ ಕಾಣದಿದ್ದರೆ ಕೇಳಿ: “ಅಣ್ಣಾ, ಮಷೀನಲ್ಲಿ ಕ್ಯಾಶ್ ಕೊಡ್ತೀರಾ?” ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಗಲ್ಲಾಪೆಟ್ಟಿಗೆಯಲ್ಲಿ ನೋಟು ಕಡಿಮೆ. ಸಂಜೆ ವ್ಯಾಪಾರ ಆದ ಮೇಲೆ ಹೋಗುವುದು ಒಳ್ಳೆಯದು. ಆಗ ಅವರಿಗೂ ಅನುಕೂಲ, ಬ್ಯಾಂಕಿಗೆ ಹೊತ್ತೊಯ್ದು ಕಟ್ಟಬೇಕಾದ ನೋಟು ಅಷ್ಟು ಕಡಿಮೆಯಾಗುತ್ತದೆ.

ಸಾಮಾನು ಕೊಳ್ಳಲೇಬೇಕು ಎಂಬ ನಿಯಮವಿಲ್ಲ. ಸುಮ್ನೆ ದುಡ್ಡು ಮಾತ್ರ ತೆಗೆಯಬಹುದು. ಭಾರತದ ಬ್ಯಾಂಕುಗಳು ಕೊಟ್ಟ ಡೆಬಿಟ್ ಕಾರ್ಡ್ ನಡೆಯುತ್ತದೆ, ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ. ಬೆಂಗಳೂರು, ಮೈಸೂರು, ಶಿವಮೊಗ್ಗದಂಥ ಊರುಗಳಲ್ಲಿ ದಿನಕ್ಕೆ 1,000 ರೂಪಾಯಿವರೆಗೆ ತೆಗೆಯಬಹುದು. ತೀರ್ಥಹಳ್ಳಿ, ಶೃಂಗೇರಿಯಂಥ 50 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ 2,000. ಎಟಿಎಂ ಕಡಿಮೆ ಇರುವ ಕಡೆ ಮಿತಿ ಜಾಸ್ತಿ ಇಟ್ಟಿರುವುದು ಸರಿಯಾಗಿಯೇ ಇದೆ. ಶುಲ್ಕ ಹಾಕಿದರೂ ಶೇ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅಂದರೆ ಸಾವಿರಕ್ಕೆ 10, ಎರಡು ಸಾವಿರಕ್ಕೆ 20 ರೂಪಾಯಿ.

ಈಗ ಮಷೀನಿನ ಕೆಲಸ. ಇಲ್ಲಿ ಸ್ವಲ್ಪ ಗಮನ ಬೇಕು. ಅಂಗಡಿಯವರು ಮೆನುವಿನಲ್ಲಿ ಕ್ಯಾಶ್ ಕೊಡುವ ಆಯ್ಕೆಯನ್ನೇ ಒತ್ತಬೇಕು. ಮಷೀನಿಂದ ಮಷೀನಿಗೆ ಅದರ ಹೆಸರು ಬೇರೆ ಇರಬಹುದು. ಕೆಲವರು ಮಾಮೂಲಿ ‘ಸೇಲ್’ ಒತ್ತಿ, ಸಾಮಾನು ಮಾರಿದಂತೆ ತೋರಿಸಿ, ನೂರಕ್ಕೆ ಎರಡೋ ಮೂರೋ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಅದಕ್ಕೆ ಒಪ್ಪಬೇಡಿ. ನಾಳೆ ತಕರಾರು ಬಂದರೆ ಎಷ್ಟು ಕ್ಯಾಶ್ ಸಿಕ್ಕಿತು, ಎಷ್ಟು ಹಿಡಿದುಕೊಂಡರು ಎಂಬುದಕ್ಕೆ ನಿಮ್ಮ ಬಳಿ ದಾಖಲೆ ಇರುವುದಿಲ್ಲ.

ಮೊತ್ತ ಹಾಕಿದ ಮೇಲೆ ಸ್ಕ್ರೀನ್ ನೀವೇ ನೋಡಿ. 2,000ದ ಜಾಗದಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿಲ್ಲ ತಾನೇ? ಕಾರ್ಡ್ ಹಾಕಿ ಪಿನ್ ಒತ್ತಿ, ಇನ್ನೊಂದು ಕೈ ಅಡ್ಡ ಹಿಡಿದುಕೊಳ್ಳಿ. ಪಿನ್ ಎಷ್ಟೆಂದು ಬಾಯಲ್ಲಿ ಹೇಳಬೇಡಿ, ಅಂಗಡಿಯವರು ಎಷ್ಟೇ ಪರಿಚಯದವರಾಗಿರಲಿ. ಕಣ್ಣು ಮಂಜಾದ ಅಪ್ಪ ಅಮ್ಮನ ಜೊತೆ ಮನೆಯವರು ಒಬ್ಬರು ಹೋದರೆ ಎಷ್ಟೋ ನೆಮ್ಮದಿ.

ಸ್ಲಿಪ್ ಬಂದ ಮೇಲೆ ನೋಟು ಎಣಿಸಿಕೊಳ್ಳಿ. ಅಕ್ಕಿ ಬೇಳೆಯನ್ನೂ ಕೊಂಡಿದ್ದರೆ ಸಾಮಾನಿನ ಬಿಲ್ ಬೇರೆ, ಕ್ಯಾಶ್ ಬೇರೆ ಎಂದು ರಸೀದಿಯಲ್ಲಿ ಕಾಣಬೇಕು. 640 ರೂಪಾಯಿ ದಿನಸಿ, 1,000 ಕ್ಯಾಶ್ ಎಂದು ಎರಡೂ ಬೇರೆಬೇರೆ ಇರಬೇಕು, ಒಟ್ಟಿಗೆ 1,640 ಎಂದಷ್ಟೇ ಇದ್ದರೆ ಅಲ್ಲೇ ಕೇಳಿ. ಆ ಸ್ಲಿಪ್ಪಿನ ಅಕ್ಷರ ಬೇಗ ಮಾಸುತ್ತದೆ. ಮನೆಗೆ ಬಂದ ಕೂಡಲೇ ಫೋಟೋ ತೆಗೆದಿಡಿ.

ಒಮ್ಮೊಮ್ಮೆ ಖಾತೆಯಿಂದ ದುಡ್ಡು ಹೋಗುತ್ತದೆ, ಸ್ಲಿಪ್ ಬರುವುದಿಲ್ಲ. ನನಗೇ ಒಮ್ಮೆ ಹೀಗಾಯಿತು. ಪಿನ್ ಒತ್ತಿದ ಹೊತ್ತಿಗೇ ನೆಟ್‌ವರ್ಕ್ ಹೋಯಿತು. ಫೋನಿಗೆ 2,000 ಕಡಿತವಾದ ಮೆಸೇಜ್ ಬಂತು, ಮಷೀನ್ ಮಾತ್ರ ತೆಪ್ಪಗೆ ಕೂತಿತ್ತು. ಅಂಗಡಿಯವರು ದುಡ್ಡು ಕೊಡಲಿಲ್ಲ, ಅವರದು ತಪ್ಪೂ ಅಲ್ಲ. ಇಂಥ ಹೊತ್ತಲ್ಲಿ ಗಾಬರಿಯಿಂದ ಮತ್ತೆ ಮತ್ತೆ ಕಾರ್ಡ್ ಹಾಕಬೇಡಿ. ಮೆಸೇಜ್ ಅಳಿಸದೆ ಇಟ್ಟು, ಸಮಯ ಬರೆದುಕೊಂಡು ನಿಮ್ಮ ಬ್ಯಾಂಕಿಗೆ ತಿಳಿಸಿ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ದುಡ್ಡು ತಾನಾಗಿ ಖಾತೆಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು. ನನಗೆ ನಾಲ್ಕನೇ ದಿನ ಬಂತು.

ನಿಮಗೆ ಬರದಿದ್ದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಅದರ ನಂಬರ್ ಪಡೆಯಿರಿ. 30 ದಿನವಾದರೂ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಹೇಗೆಂದು ಕೇಳಲು 14448ಕ್ಕೆ ಫೋನ್ ಮಾಡಿ.