ವಾರದ ಮಟ್ಟಿಗೆ ಫೋನ್ ಬೀರುವಿನಲ್ಲಿ

ಮೊಬೈಲ್ ಬಿಟ್ಟಿರೋಕೆ ಮನಸ್ಸು ಗಟ್ಟಿ ಇರಬೇಕು ಅಂತಾರೆ. ಮನಸ್ಸಿಗಿಂತ ಮೊದಲು ಗಟ್ಟಿ ಇರಬೇಕಾದ್ದು ಪರ್ಸು ಅಂತ ನಾನು ಹೇಳ್ತೀನಿ.

ಆಫೀಸಿಗೆ ರಜೆ ಹಾಕಿ, ವಾರದ ಮಟ್ಟಿಗೆ ಫೋನ್ ಸ್ವಿಚ್ ಆಫ್ ಮಾಡಿ ಬೀರುವಿಗೆ ಹಾಕಿದೆ. ಎಲ್ಲೂ ದೂರ ಹೋಗಲಿಲ್ಲ, ಬೆಂಗಳೂರಿನಲ್ಲೇ ಇದ್ದೆ. ನೆಟ್‌ವರ್ಕ್ ಸಿಗದ ಹೋಂಸ್ಟೇಗೆ ಹೋಗಿ ಫೋನ್ ಬಿಟ್ಟಿರೋದರಲ್ಲಿ ಏನು ದೊಡ್ಡಸ್ತಿಕೆ? ಅಲ್ಲಿ ಯಾರೂ ಓಟಿಪಿ ಕೇಳಲ್ಲ.

ಹಾಗಾಗಿ ತಯಾರಿಯೆಲ್ಲ ಓಟಿಪಿ ಸುತ್ತಲೇ ನಡೆಯಿತು. ಆ ವಾರದಲ್ಲಿ ಯಾವ್ಯಾವುದಕ್ಕೆ ನನ್ನ ನಂಬರ್ ಬೇಕಾಗಬಹುದು ಅಂತ ಒಂದು ಹಾಳೆಯಲ್ಲಿ ಬರೆದೆ. ಎಲ್‌ಐಸಿ ಕಂತು, ಕರೆಂಟ್ ಬಿಲ್, ಕ್ರೆಡಿಟ್ ಕಾರ್ಡ್ ಮೊದಲೇ ಕಟ್ಟಿಬಿಟ್ಟೆ. ಗ್ಯಾಸ್ ನನ್ನ ಹೆಸರಿನಲ್ಲಿದೆ. ಸಿಲಿಂಡರ್ ತರುವವರು ಕೇಳುವ ಕೋಡ್ ಬರೋದು ನನ್ನ ನಂಬರ್‌ಗೇ. ಅದನ್ನೂ ಮುಂಚೆಯೇ ತರಿಸಿಕೊಂಡೆ. ಲ್ಯಾಪ್‌ಟಾಪಿನ ವಾಟ್ಸಾಪಿನಿಂದಲೂ ಲಾಗ್‌ಔಟ್ ಆದೆ. ಫೋನ್ ಆಫ್ ಇದ್ದರೂ ಅದು ಎರಡು ವಾರ ನಡೆಯುತ್ತೆ, ಹಾಗೆ ಬಿಟ್ಟರೆ ಉಪವಾಸದ ದಿನ ಹೊಟ್ಟೆ ತುಂಬ ಉಪ್ಪಿಟ್ಟು ತಿಂದ ಹಾಗೆ.

ಇನ್ನು ದುಡ್ಡು. ಎಟಿಎಂಗೆ ಹೋದರೆ ಹೆಚ್ಚಾಗಿ 500ರ ನೋಟೇ ಬರುತ್ತೆ, ಅದನ್ನು ಹಿಡಿದುಕೊಂಡು ಕೊತ್ತಂಬರಿ ಸೊಪ್ಪು ತಗೊಳ್ಳೋಕೆ ಆಗಲ್ಲ. ಅದಕ್ಕೇ ಬ್ಯಾಂಕಿನ ಕೌಂಟರ್‌ಗೆ ಹೋಗಿ ಚೀಟಿ ಬರೆದು ಹತ್ತು, ಇಪ್ಪತ್ತು, ಐವತ್ತರ ನೋಟು ಕೇಳಿ ತಂದೆ. ಕ್ಯಾಷಿಯರ್ ಕನ್ನಡಕದ ಮೇಲಿಂದ ನೋಡಿ, 'ಮನೇಲಿ ಫಂಕ್ಷನ್ನಾ ಮೇಡಂ?' ಅಂದರು. ಹೌದು ಅಂದೆ, ವಿವರಿಸೋದು ಬೇಡ ಅನಿಸಿತು.

ಚಿಲ್ಲರೆ ಇದ್ದರೆ ಬೆಂಗಳೂರು ಈಗಲೂ ನಡೆಯುತ್ತೆ. ಯುಪಿಐ ಬಂದಿದ್ದು 2016ರಲ್ಲಿ, ಅದಕ್ಕೂ ಮುಂಚೆ ನಾವೆಲ್ಲ ಬದುಕಿದ್ದೆವು ತಾನೇ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಯವರು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದರಲ್ಲ, ಆಗ ಬೈದುಕೊಂಡಿದ್ದವಳು ನಾನೇ. ಈ ವಾರ ಅಂಥ ಅಂಗಡಿ ಕಂಡರೆ ಖುಷಿಯಾಗುತ್ತಿತ್ತು.

ನಮ್ಮ ಬೀದಿ ಬೇಕರಿಯಲ್ಲಿ ಮಾತ್ರ ಬೇರೆ ಕಥೆ. ಬನ್ನು, ಖಾರ ಬಿಸ್ಕೆಟ್‌ಗೆ ನೋಟು ಕೊಟ್ಟರೆ ಹುಡುಗ ಗಲ್ಲಾಪೆಟ್ಟಿಗೆ ಎಳೆದು ನೋಡಿದ. ಒಳಗೆ ಒಂದು ರಬ್ಬರ್ ಬ್ಯಾಂಡ್, ಎರಡು ಪೆನ್ನು, ಒಂದಷ್ಟು ಒಂದು ರೂಪಾಯಿ ನಾಣ್ಯ. 'ಫೋನ್‌ಪೇ ಮಾಡಿಬಿಡಿ ಅಕ್ಕಾ' ಅಂದ. ಫೋನ್ ಇಲ್ಲ ಕಣಪ್ಪಾ ಅಂದೆ. 'ಕಳೆದುಹೋಯ್ತಾ?' ಅಂತ ಕೇಳುವಾಗ ಅವನ ಮುಖದಲ್ಲಿ ನಿಜವಾದ ಮರುಕವಿತ್ತು. ಸುಮ್ನೆ ಮನೆಯಲ್ಲಿ ಇಟ್ಟು ಬಂದಿದ್ದೀನಿ ಅಂದರೆ ನಂಬೋ ಥರ ಕಾಣಲಿಲ್ಲ. ಮಿಕ್ಕ ದುಡ್ಡನ್ನು ನಾಳೆಗೆ ಬರೆದುಕೊಂಡ.

ಓಡಾಟಕ್ಕೆ ತೊಂದರೆ ಆಗಲಿಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದಾಗಿನಿಂದ ಬಿಎಂಟಿಸಿಯಲ್ಲಿ ನನಗೆ ದುಡ್ಡಿನ ಮಾತೇ ಇಲ್ಲ. ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡಿದ್ದರೆ ಆಯ್ತು. ಮೆಟ್ರೋಗೆ ಹಳೆಯ ಸ್ಮಾರ್ಟ್ ಕಾರ್ಡ್ ಇತ್ತು, ಕೌಂಟರ್‌ನಲ್ಲಿ ನಗದು ಕೊಟ್ಟು ತುಂಬಿಸಿದೆ. ಆಟೋ ಒಂದೇ ಸ್ವಲ್ಪ ತಲೆನೋವು. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18 ಅಂತ ಮೀಟರ್ ದರ ಇದೆ. ಅದನ್ನು ಬಾಯಿಪಾಠ ಮಾಡಿಕೊಂಡು ಹೋದರೂ 'ಮೀಟರ್ ಮೇಲೆ ಮೂವತ್ತು ಕೊಡಿ' ಅನ್ನೋ ಮಾತು ತಪ್ಪಲಿಲ್ಲ. ಆದರೆ ಮುಖ ನೋಡಿ ಚೌಕಾಸಿ ಮಾಡಬಹುದು. ಆಪ್ ಜೊತೆ ಅದು ಆಗಲ್ಲ.

ನಿಜವಾಗಿ ಮಜಾ ಬಂದಿದ್ದು ಗೆಳತಿಯನ್ನು ಭೇಟಿ ಮಾಡೋದರಲ್ಲಿ. ಲಾಲ್‌ಬಾಗ್ ಗೇಟ್ ಹತ್ರ ಸಿಗೋಣ ಅಂದರೆ ಸಾಲದು, ಅಲ್ಲಿ ನಾಲ್ಕು ಗೇಟ್ ಇವೆ. ಫೋನ್ ಇದ್ದಾಗ 'ಎಲ್ಲಿದ್ದೀಯಾ?' 'ನಾನು ಟಿಕೆಟ್ ಕೌಂಟರ್ ಹತ್ರ' ಅಂತ ಕೊನೆ ಗಳಿಗೆವರೆಗೂ ಎಳೆಯಬಹುದು. ಈ ಸಲ ಹಿಂದಿನ ದಿನವೇ ಮನೆಯವರ ಫೋನಿನಿಂದ ಹೇಳಿದೆ: ಮೆಟ್ರೋ ಪಕ್ಕದ ಪಶ್ಚಿಮ ಗೇಟು, ಹತ್ತು ಗಂಟೆ, ಒಳಗಡೆ ಅಲ್ಲ ಹೊರಗಡೆ. ಅರ್ಧ ಗಂಟೆ ಕಾಯ್ತೀನಿ, ಬರದಿದ್ದರೆ ನಾನೊಬ್ಬಳೇ ಒಂದು ಸುತ್ತು ಹಾಕಿ ಹೊರಟುಬಿಡ್ತೀನಿ. ಇದು ನಮ್ಮ ಕಾಲೇಜಿನ ದಿನಗಳ ಲೆಕ್ಕ. ಎಲ್ಲ ಕಡೆ ಲೇಟಾಗಿ ಬರುವ ಅವಳು ಅವತ್ತು ನನಗಿಂತ ಮುಂಚೆ ಬಂದು ನಿಂತಿದ್ದಳು! 'ಲೇಟ್ ಆಗುತ್ತೆ ಅಂತ ಹೇಳೋಕೆ ದಾರಿನೇ ಇಲ್ವಲ್ಲೇ, ಭಯಕ್ಕೆ ಬೇಗ ಹೊರಟೆ' ಅಂದಳು.

ಬೆಳಿಗ್ಗೆ ಏಳೋಕೆ ಒಂದು ಟೈಂಪೀಸ್ ಕೊಂಡೆ. ಕೈಗೆ ಅಪ್ಪನ ಎಚ್‌ಎಂಟಿ ವಾಚು, ದಿನಾ ಕೀ ಕೊಡೋ ಥರದ್ದು. 7.05ಕ್ಕೆ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿದರೆ ಸುದ್ದಿ ಸಾಕಾಗುತ್ತಿತ್ತು.

ಇಷ್ಟರವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆದರೆ ನನ್ನ ಫೋನ್ ಬೀರುವಿಗೆ ಹೋದರೂ ಅದರ ಕೆಲಸ ಬೀರುವಿಗೆ ಹೋಗಲಿಲ್ಲ. ಅದೆಲ್ಲ ನಮ್ಮ ಯಜಮಾನರ ಫೋನಿಗೆ ಬಂತು. ಮಗಳ ಕ್ಲಾಸಿನ ಗ್ರೂಪು, ಸ್ಕೂಲ್ ವ್ಯಾನಿನ ಗ್ರೂಪು, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಗ್ರೂಪು, ತಿಪಟೂರಿನಿಂದ ಅಮ್ಮನ ಸಂಜೆಯ ಫೋನು. ಫೋನ್ ಆಫ್ ಮಾಡೋ ಮುಂಚೆ ಈ ಗ್ರೂಪುಗಳಿಗೆಲ್ಲ ಅವರನ್ನು ಸೇರಿಸಿದ್ದೆ. ಮೊದಲ ದಿನ ರಾತ್ರಿ ಊಟಕ್ಕೆ ಕೂತವರು ತಟ್ಟೆ ಪಕ್ಕ ಫೋನ್ ಇಟ್ಟುಕೊಂಡು, 'ಏನೇ ಇದು, ನಾಳೆ ಬೆಳಿಗ್ಗೆ ಹಸಿರು ಚಾರ್ಟ್ ಪೇಪರ್ ಬೇಕಂತೆ, ರಾತ್ರಿ ಒಂಬತ್ತಕ್ಕೆ ಹೇಳ್ತಿದ್ದಾರೆ' ಅಂದರು. ದಿನಾ ಹಾಗೇ ರೀ ಅಂದೆ. ಅಂಗಡಿ ಮುಚ್ಚೋ ಮುಂಚೆ ಸ್ಕೂಟರ್ ತಗೊಂಡು ಓಡಿದರು.

ಹೀಗೆ ಫೋನ್ ಬಿಟ್ಟಿರೋರು ಬೇರೆಯವರ ಫೋನಿನ ಮೇಲೆ ಬದುಕುತ್ತಾರೆ. ಒಬ್ಬರೇ ಇರುವವರು, ಮನೆಯಲ್ಲಿ ವಯಸ್ಸಾದವರು ಇರುವವರು ಇದನ್ನು ಮಾಡೋದು ಸುಲಭ ಅಲ್ಲ. ನನಗೂ ಅಮ್ಮನದ್ದೇ ಯೋಚನೆ ಇತ್ತು. ಅದಕ್ಕೆ ಯಜಮಾನರ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು, ಅಮ್ಮನ ಮನೆ ಕ್ಯಾಲೆಂಡರ್ ಪಕ್ಕ ಅಂಟಿಸಿ ಬಂದಿದ್ದೆ. ನನ್ನ ಪರ್ಸಿನಲ್ಲೂ ಮುಖ್ಯವಾದ ನಂಬರ್‌ಗಳ ಚೀಟಿ ಇತ್ತು. ಬಾಯಲ್ಲಿ ಬರುತ್ತಿದ್ದುದು ಹಳೆಯ ಲ್ಯಾಂಡ್‌ಲೈನ್ ನಂಬರ್ ಒಂದೇ, ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಕೊನೆಗೆ ಫೋನ್ ಆನ್ ಮಾಡಿದಾಗ ಮೆಸೇಜು ರಾಶಿ ಬಿದ್ದಿತ್ತು. ಓದಬೇಕಾದವು ಬೆರಳೆಣಿಕೆಯಷ್ಟು, ಮಿಕ್ಕಿದ್ದೆಲ್ಲ ಗುಡ್ ಮಾರ್ನಿಂಗ್ ಹೂವು. ಒಂದೆರಡು ದಿನ ಬಿಟ್ಟು ಟ್ಯಾಂಕರ್ ಗ್ರೂಪಿನಿಂದಲೂ ವ್ಯಾನ್ ಗ್ರೂಪಿನಿಂದಲೂ ನಾನು ಹೊರಗೆ ಬಂದೆ. ಯಜಮಾನರು ಅಲ್ಲೇ ಇದ್ದಾರೆ. ಕ್ಲಾಸಿನ ಗ್ರೂಪಿನಲ್ಲಿ ಇಬ್ಬರೂ ಇದ್ದೀವಿ. ಚಾರ್ಟ್ ಪೇಪರನ್ನು ಈಗ ಮೊದಲೇ ಒಂದು ಡಜನ್ ತಂದು ಅಟ್ಟದ ಮೇಲೆ ಇಟ್ಟಿದ್ದಾರೆ, ಎಲ್ಲ ಬಣ್ಣದ್ದು.