ಪರಿಮಳದ ಬೆಣ್ಣೆ: ಮನೆಯಲ್ಲಿ ಮಾಡುವ, ಬಳಸುವ ಕ್ರಮ

ಬೆಣ್ಣೆಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸು ಮುಂತಾದವನ್ನು ಬೆರೆಸಿ, ಸುರುಳಿ ಸುತ್ತಿ ತಣ್ಣಗಿಟ್ಟು, ಬೇಕಾದಾಗ ಬಿಲ್ಲೆಯಾಗಿ ಕತ್ತರಿಸಿ ಬಿಸಿ ತಿನಿಸಿನ ಮೇಲಿಡುವ ಪದ್ಧತಿ ಫ್ರೆಂಚ್ ಅಡುಗೆಯಲ್ಲಿ ಬಹುಕಾಲದಿಂದ ಇದೆ. ಪಾರ್ಸ್ಲಿ ಸೊಪ್ಪು ಮತ್ತು ನಿಂಬೆರಸ ಸೇರಿದ ‘ಮೇತ್ರ ದೊತೆಲ್’ ಬೆಣ್ಣೆಯನ್ನು ಅಲ್ಲಿ ಕೆಂಡದ ಮೇಲೆ ಬೇಯಿಸಿದ ಮಾಂಸಕ್ಕೂ ಮೀನಿಗೂ ಹಾಕುತ್ತಾರೆ. ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆಯಲ್ಲಿ ಕಲಸಿಕೊಂಡು ಉಣ್ಣುವ ನಮಗೆ ಈ ರುಚಿಯ ಮೂಲಸೂತ್ರ ಅಪರಿಚಿತವಲ್ಲ. ವ್ಯತ್ಯಾಸವಿಷ್ಟೇ: ತಟ್ಟೆಯಲ್ಲಿ ಆಗುವ ಬೆರಕೆಯನ್ನು ಒಂದು ದಿನ ಮೊದಲೇ ಮಾಡಿಟ್ಟರೆ, ಸಾಂಬಾರ ಪದಾರ್ಥಗಳ ಪರಿಮಳ ನಿಧಾನವಾಗಿ ಕೊಬ್ಬಿನೊಳಗೆ ಇಳಿದು, ಪ್ರತಿ ತುತ್ತಿಗೂ ಒಂದೇ ಹದದಲ್ಲಿ ಸಿಗುತ್ತದೆ.

ಮೊದಲು ಬೆಣ್ಣೆಯ ವಿಷಯ. ಅಂಗಡಿಯ ಪೊಟ್ಟಣದ ಬೆಣ್ಣೆಯಲ್ಲಿ ಕನಿಷ್ಠ ಶೇ. 80ರಷ್ಟು ಹಾಲಿನ ಕೊಬ್ಬು ಇರಬೇಕು, ನೀರಿನಂಶ ಶೇ. 16ನ್ನು ಮೀರಬಾರದು ಎಂಬ ನಿಯಮವಿದೆ. ಮನೆಯಲ್ಲಿ ಕೆನೆಗೆ ಹೆಪ್ಪು ಹಾಕಿ ಕಡೆದು ತೆಗೆದ ಬೆಣ್ಣೆಯಲ್ಲಿ ಇದಕ್ಕಿಂತ ಹೆಚ್ಚು ನೀರೂ ಮಜ್ಜಿಗೆಯೂ ಉಳಿದಿರುತ್ತವೆ; ಅದು ಬೇಗ ಕಮಟಾಗುವುದಕ್ಕೆ ಈ ಮಜ್ಜಿಗೆಯೇ ಮುಖ್ಯ ಕಾರಣ. ಆದರೂ ನಾನು ಮನೆಯ ಬೆಣ್ಣೆಯನ್ನೇ ಮೆಚ್ಚುತ್ತೇನೆ, ಏಕೆಂದರೆ ಅದರ ಎಳೆ ಹುಳಿ ಬೆಳ್ಳುಳ್ಳಿಗೂ ಕಾಳುಮೆಣಸಿಗೂ ಬಹಳ ಚೆನ್ನಾಗಿ ಹೊಂದುತ್ತದೆ. ತಂಪು ಹೊತ್ತಿನಲ್ಲಿ ಕಡೆದು, ಬೆಣ್ಣೆ ಮುದ್ದೆಗಟ್ಟಿದ ಮೇಲೆ ಮಜ್ಜಿಗೆಯನ್ನು ಬಸಿದು, ಐಸ್ ಹಾಕಿದ ನೀರಿನಲ್ಲಿ ಮೂರು ನಾಲ್ಕು ಸಲ, ತೊಳೆದ ನೀರು ತಿಳಿಯಾಗುವವರೆಗೆ ಬೆಣ್ಣೆಯನ್ನು ತೊಳೆಯಬೇಕು. ಬಳಿಕ ಮರದ ಸೌಟಿನಿಂದ ಪಾತ್ರೆಯ ಬದಿಗೆ ಒತ್ತಿ ಒತ್ತಿ ಒಳಗಿನ ನೀರನ್ನೆಲ್ಲ ಹೊರಹಾಕಬೇಕು. ಈ ಕೆಲಸದಲ್ಲಿ ಆತುರಪಟ್ಟರೆ ಮುಂದಿನ ಯಾವ ಜಾಣ್ಮೆಯೂ ಉಪಯೋಗಕ್ಕೆ ಬರುವುದಿಲ್ಲ.

ಬೆಣ್ಣೆ ಕಲಸುವಾಗ ಬೆರಳಿನಿಂದ ಒತ್ತಿದರೆ ಗುಳಿ ಬೀಳುವಷ್ಟು ಮೃದುವಾಗಿರಬೇಕು, ಕರಗಿರಬಾರದು. ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇದಕ್ಕೆ ಸರಿ. ಬೇಸಿಗೆಯಲ್ಲಿ ಫ್ರಿಜ್‌ನಿಂದ ತೆಗೆದ ಹದಿನೈದು ನಿಮಿಷದೊಳಗೆ ಬೆಣ್ಣೆ ಈ ಹದಕ್ಕೆ ಬರುವುದುಂಟು. ಒಲೆಯ ಮೇಲೆ ಕರಗಿಸಿ ಬೆರೆಸುವ ಸುಲಭದ ದಾರಿಯನ್ನು ಹಿಡಿಯಬೇಡಿ. ಕರಗಿದ ಬೆಣ್ಣೆಯಲ್ಲಿ ಕೊಬ್ಬು ಮತ್ತು ನೀರು ಬೇರೆಯಾಗಿ, ಮತ್ತೆ ಗಟ್ಟಿಯಾದಾಗ ಅದು ತರಿತರಿಯಾಗುತ್ತದೆ, ಸೊಪ್ಪು ತಳ ಸೇರುತ್ತದೆ.

ಮೊದಲ ಸಲಕ್ಕೆ ಬೆಳ್ಳುಳ್ಳಿ ಮತ್ತು ಕೊತ್ತಂಬರಿಯ ಬೆಣ್ಣೆ ಒಳ್ಳೆಯದು. ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಬೆಳ್ಳುಳ್ಳಿ ಮೂರು ಎಸಳು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಎರಡು ದೊಡ್ಡ ಚಮಚ, ಆಗ ತಾನೇ ಕುಟ್ಟಿದ ಕಾಳುಮೆಣಸು ಕಾಲು ಚಿಕ್ಕ ಚಮಚ, ಉಪ್ಪು ಕಾಲು ಚಿಕ್ಕ ಚಮಚ, ನಿಂಬೆರಸ ಒಂದು ಚಿಕ್ಕ ಚಮಚ. ಉಪ್ಪು ಸೇರಿದ ಪೊಟ್ಟಣದ ಬೆಣ್ಣೆಯಾದರೆ ಮತ್ತೆ ಉಪ್ಪು ಬೇಡ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆದು, ಬಟ್ಟೆಯ ಮೇಲೆ ಹರಡಿ, ಎಲೆಯಲ್ಲಿ ಒಂದು ಹನಿಯೂ ಉಳಿಯದಂತೆ ಆರಿಸಿಕೊಳ್ಳಿ. ಬೆಳ್ಳುಳ್ಳಿಯನ್ನು ಸಿಪ್ಪೆಸಹಿತ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ, ಸಿಪ್ಪೆ ತೆಗೆದು, ಉಪ್ಪಿನೊಂದಿಗೆ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದರೆ ಅದರ ಹಸಿ ಘಾಟು ಹೋಗಿ ನಸುಸಿಹಿ ಬರುತ್ತದೆ. ಬೆಳ್ಳುಳ್ಳಿ ಪೂರ್ತಿ ಆರಿದ ಮೇಲೆ ಬೆಣ್ಣೆಗೆ ಸೇರಿಸಿ, ನಂತರ ಸೊಪ್ಪು ಮತ್ತು ಮೆಣಸು ಹಾಕಿ ಕಲಸಿ, ಕೊನೆಯಲ್ಲಿ ನಿಂಬೆರಸವನ್ನು ಹನಿಹನಿಯಾಗಿ ಬಿಡುತ್ತ ತಿರುವಿ. ಒಮ್ಮೆಗೇ ಸುರಿದರೆ ಬೆಣ್ಣೆ ಅದನ್ನು ಹಿಡಿದುಕೊಳ್ಳದೆ ಒಡೆದಂತಾಗುತ್ತದೆ.

ರುಚಿ ನೋಡುವುದಕ್ಕೂ ಒಂದು ಕ್ರಮವಿದೆ. ಬರಿಯ ಬೆಣ್ಣೆಯನ್ನು ನಾಲಿಗೆಗೆ ಹಚ್ಚಿ ನೋಡಿದರೆ ಸರಿಯಾದ ಅಂದಾಜು ಸಿಗದು. ಬಿಸಿ ಅನ್ನದ ಅಥವಾ ರೊಟ್ಟಿಯ ತುಣುಕಿನ ಮೇಲಿಟ್ಟು ಕರಗಿಸಿ ತಿಂದು ನೋಡಿ. ಬೆಣ್ಣೆಯಷ್ಟನ್ನೇ ತಿಂದಾಗ ಉಪ್ಪು ತುಸು ಮುಂದೆ ಎನಿಸಿದರೆ ಅನ್ನದೊಂದಿಗೆ ಸರಿಹೋಗುತ್ತದೆ.

ಬಟರ್ ಪೇಪರಿನ ಮೇಲೆ ಬೆಣ್ಣೆಯನ್ನು ಉದ್ದಕ್ಕೆ ಹರಡಿ, ಸುರುಳಿ ಸುತ್ತಿ, ಎರಡೂ ತುದಿಗಳನ್ನು ಚಾಕೊಲೇಟ್ ಕಾಗದದಂತೆ ತಿರುಚಿ, ಮೇಲೊಂದು ಮುಚ್ಚಳದ ಡಬ್ಬಿಯಲ್ಲಿಡಿ. ಬೆಣ್ಣೆ ಫ್ರಿಜ್‌ನ ಇತರ ವಾಸನೆಗಳನ್ನು ಬಹಳ ಬೇಗ ಹೀರಿಕೊಳ್ಳುತ್ತದೆ. ಮರುದಿನಕ್ಕೇ ಮುಗಿಯುವಷ್ಟು ಮಾಡಿದ್ದರೆ ಬೆಂಕಿಯಲ್ಲಿ ಬಾಡಿಸಿ ಒರೆಸಿದ ಬಾಳೆಎಲೆಯಲ್ಲಿ ಸುತ್ತುವುದು ಇನ್ನೂ ಚಂದ.

ಇಡುವ ಅವಧಿಯ ಬಗ್ಗೆ ಮಾತ್ರ ಸ್ವಲ್ಪವೂ ಸಡಿಲ ಬೇಡ. ಬೆಳ್ಳುಳ್ಳಿಯಲ್ಲಿ ಹುಳಿ ಕಡಿಮೆ, ಕೊಬ್ಬಿನೊಳಗೆ ಗಾಳಿಯಾಡುವುದಿಲ್ಲ. ಇಂಥ ಜಾಗದಲ್ಲಿ ಹೊರಗಿನ ಬಿಸಿಗೆ ಬೊಟುಲಿಸಂ ಎಂಬ ಮಾರಕ ಕಾಯಿಲೆಯನ್ನು ತರುವ ವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು, ಮತ್ತು ಆ ವಿಷ ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಗೊತ್ತಾಗುವುದಿಲ್ಲ. ಬೆಳ್ಳುಳ್ಳಿ ಬಾಡಿಸಿದ್ದೇವೆ ಎಂಬ ಧೈರ್ಯವೂ ಸಲ್ಲದು, ಏಕೆಂದರೆ ಆ ಬ್ಯಾಕ್ಟೀರಿಯಾದ ಬೀಜಕಣಗಳು ಅಷ್ಟು ಕಾವಿಗೆ ಸಾಯುವುದಿಲ್ಲ. ಆದ್ದರಿಂದ ಬೆಳ್ಳುಳ್ಳಿಯಾಗಲಿ ಹಸಿ ಸೊಪ್ಪಾಗಲಿ ಸೇರಿದ ಬೆಣ್ಣೆಯನ್ನು 4 ಡಿಗ್ರಿಯೊಳಗೆ ಇಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಉಳಿದದ್ದನ್ನು ಮಾಡಿದ ದಿನವೇ ಬಿಲ್ಲೆಗಳಾಗಿ ಕತ್ತರಿಸಿ ಫ್ರೀಜರಿಗೆ ಹಾಕಿದರೆ ಎರಡು ತಿಂಗಳವರೆಗೆ ರುಚಿ ಕೆಡದೆ ಇರುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಬೆಣ್ಣೆ ನನಗೆ ಎಲ್ಲಕ್ಕಿಂತ ಪ್ರಿಯ. ಈ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಗಾಢ. ಆ ಕೆಂಪು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವುದರಿಂದ ಬೆಣ್ಣೆ ಒಂದು ರಾತ್ರಿಯಲ್ಲಿ ಕೇಸರಿಗೆ ತಿರುಗುತ್ತದೆ. ನಾಲ್ಕು ಮೆಣಸಿನಕಾಯಿಯನ್ನು ಬೀಜ ತೆಗೆದು ಬೆಚ್ಚಗೆ ಹುರಿದು, ಅರ್ಧ ಚಮಚ ಹುರಿದ ಜೀರಿಗೆ ಮತ್ತು ಗರಿಗರಿಯಾದ ಹತ್ತು ಕರಿಬೇವಿನ ಎಲೆಗಳೊಂದಿಗೆ ಪುಡಿ ಮಾಡಿ 100 ಗ್ರಾಂ ಬೆಣ್ಣೆಗೆ ಬೆರೆಸಿದರೆ ಸಾಕು. ಎಲ್ಲವೂ ಒಣ ಪದಾರ್ಥವಾದ್ದರಿಂದ ಇದು ಫ್ರಿಜ್‌ನಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಸಿಹಿ ಬೇಕೆನ್ನುವವರು ಇದೇ ಅಳತೆಯ ಬೆಣ್ಣೆಗೆ ಮೂರು ದೊಡ್ಡ ಚಮಚ ಒಣ ಬೆಲ್ಲದ ಪುಡಿ ಮತ್ತು ಏಲಕ್ಕಿ ಬೆರೆಸಿ ದೋಸೆಗೆ ಬಳಸಬಹುದು.

ಬಳಸುವಾಗ ಈ ಬೆಣ್ಣೆಯನ್ನು ಹುರಿಯುವ ಎಣ್ಣೆಯಂತೆ ಕಾಣಬಾರದು. ಕಾದ ಕಾವಲಿಯಲ್ಲಿ ಹಾಲಿನ ಅಂಶವೂ ಬೆಳ್ಳುಳ್ಳಿಯೂ ಕರಟಿ ಕಹಿಯಾಗುತ್ತವೆ. ಬೆಣ್ಣೆ ಕರಗುವುದಕ್ಕೆ 35 ಡಿಗ್ರಿ ಸಾಕಾದ್ದರಿಂದ ತಿನಿಸಿನ ಬಿಸಿಯೇ ಧಾರಾಳ. ಅಕ್ಕಿರೊಟ್ಟಿಯನ್ನು ಕಾವಲಿಯಿಂದ ತಟ್ಟೆಗೆ ತೆಗೆದ ಮೇಲೆ, ಬೇಯಿಸಿದ ಮುಸುಕಿನ ಜೋಳ ಅಥವಾ ಗೆಣಸು ಹಬೆಯಾಡುತ್ತಿರುವಾಗ, ಬೀನ್ಸ್ ಪಲ್ಯದ ಒಲೆ ಆರಿಸಿದ ಕೂಡಲೇ ಒಂದು ಬಿಲ್ಲೆ ಇಟ್ಟು, ಒಂದು ನಿಮಿಷ ಮುಚ್ಚಿಟ್ಟು ಬಡಿಸಿ.